ಜಾಡಿಯೋ, ಸಿರಿಂಜೋ, ತಕ್ಕಡಿಯೋ? ಯಾವುದರ ಗಾತ್ರಕ್ಕೆ ಯಾವ ಅಳತೆ

ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಶ್ರೀರಂಗಪಟ್ಟಣದ ಸಂಗಮಕ್ಕೆ ಹೋಗಿದ್ದವಳು ಹೊಳೆಯಿಂದ ಒಂದು ಕಲ್ಲು ತಂದಿದ್ದಳು. ಹೆಬ್ಬೆರಳಿನಷ್ಟು ದಪ್ಪ, ಗೇಣಿಗಿಂತ ಬಹಳ ಚಿಕ್ಕದು, ನೀರು ಸವೆಸಿ ಸವೆಸಿ ನುಣ್ಣಗಾದದ್ದು. ಮಕ್ಕಳನ್ನು ಎರಡು ಗುಂಪು ಮಾಡಿ, ಇದರ ಗಾತ್ರ ಎಷ್ಟು ಹೇಳಿ ಅಂದೆ. ಬೀಕರ್ ಹಿಡಿದ ಗುಂಪು 20 ಎಂಎಲ್ ಅಂದಿತು. ಅಳತೆ ಜಾಡಿ ಹಿಡಿದ ಗುಂಪು 14 ಅಂದಿತು. "ಒಂದೇ ಕಲ್ಲು ತಾನೇ ಮಿಸ್, ಯಾರದ್ದು ಸರಿ?" ಅಂತ ಕಲ್ಲು ತಂದವಳೇ ಕೇಳಿದಳು.

ಕಲ್ಲನ್ನು ಮನೆಗೆ ತಂದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿದೆ. 15 ಬಂತು. ತಕ್ಕಡಿಯಲ್ಲಿ ತೂಕ ನೋಡಬಹುದು, ಗಾತ್ರ ಹೇಗೆ ಅನ್ನುತ್ತೀರಾ? ಅದನ್ನು ಮುಂದೆ ಹೇಳುತ್ತೇನೆ. ನನ್ನ ಅಭಿಪ್ರಾಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಅಂಕುಡೊಂಕು ವಸ್ತುಗಳ ಗಾತ್ರ ಅಳೆಯಲು ನಾವು ಶಾಲೆಯಲ್ಲಿ ಮೊದಲು ಕೈಗೆ ಕೊಡುವ ಅಳತೆ ಜಾಡಿಗಿಂತ, ಮನೆಯಲ್ಲಿ ಸುಮ್ನೆ ಕೂತಿರುವ ತಕ್ಕಡಿಯೇ ಹೆಚ್ಚಿನ ಸಲ ಮೇಲು. ಆದರೆ ಹಾಲು, ಔಷಧಿ, ಎಣ್ಣೆಯಂಥ ದ್ರವಗಳ ಲೆಕ್ಕ ಬೇರೆ. ಅಲ್ಲಿ ಒಂದೊಂದಕ್ಕೆ ಒಂದೊಂದು ಸಾಧನ.

ದ್ರವಗಳಿಗೆ

ಬೀಕರಿನ ಮೇಲಿನ ಗೆರೆಗಳನ್ನು ಅಳತೆ ಅಂತ ನಂಬಬೇಡಿ. ಅವು ಸುಮಾರು ಇಷ್ಟಿದೆ ಅಂತ ತಿಳಿಯಲು ಹಾಕಿದ ಗುರುತು. ಬಹಳ ಬೀಕರುಗಳ ಮೇಲೆ ನೂರಕ್ಕೆ 5ರಷ್ಟು ಆಚೀಚೆ ಆಗಬಹುದು ಅಂತ ಅದನ್ನು ಮಾಡಿದವರೇ ಬರೆದಿರುತ್ತಾರೆ. 100 ಎಂಎಲ್ ಬೀಕರಿನಲ್ಲಿ ಅದು 5 ಎಂಎಲ್. ನಮ್ಮ ಕಲ್ಲೇ 15 ಎಂಎಲ್ ಇರುವಾಗ 5ರ ವ್ಯತ್ಯಾಸ ಸಣ್ಣದಲ್ಲ. ಆ ಗುಂಪಿಗೆ 20 ಬಂದದ್ದು ಮಕ್ಕಳ ತಪ್ಪಲ್ಲ, ಪಾತ್ರೆಯ ಸ್ವಭಾವ ಅದು. ಬೀಕರು ಕಲಸಲು, ಕಾಯಿಸಲು, ಸುರಿಯಲು ಚೆನ್ನ. ಅಳೆಯಲು ಬೇಡ.

ಅಳತೆ ಜಾಡಿ ಇದಕ್ಕಿಂತ ಎಷ್ಟೋ ವಾಸಿ. 100 ಎಂಎಲ್‌ನ ಸಾಮಾನ್ಯ ದರ್ಜೆಯ ಜಾಡಿ ಸುಮಾರು 1 ಎಂಎಲ್ ಆಚೀಚೆ ಇರುತ್ತದೆ. ಆದರೆ ಓದುವವರ ಕಣ್ಣು ಸರಿಯಾದ ಜಾಗದಲ್ಲಿರಬೇಕು. ಗಾಜಿನಲ್ಲಿ ನೀರಿನ ಮೇಲ್ಮೈ ಅಂಚಿನಲ್ಲಿ ಏರಿ, ನಡುವೆ ತಗ್ಗಾಗಿ ಸಣ್ಣ ಬಟ್ಟಲಿನ ಹಾಗೆ ಕಾಣುತ್ತದೆ. ಆ ತಗ್ಗಿನ ತಳವನ್ನು ಓದಬೇಕು. ಹಾಲು ಪಾರದರ್ಶಕವಲ್ಲ, ತಗ್ಗು ಕಾಣುವುದಿಲ್ಲ. ಅದಕ್ಕೆ ಮೇಲಂಚನ್ನೇ ಓದಿ, ಪ್ರತಿ ಸಲವೂ ಹಾಗೇ ಓದಿ. ಪಾದರಸ ಇನ್ನೂ ಬೇರೆ. ಅದು ನಡುವೆ ಉಬ್ಬಿರುತ್ತದೆ, ಉಬ್ಬಿನ ತುದಿಯನ್ನು ಓದಬೇಕು.

ನಮ್ಮ ಮಕ್ಕಳಿಗೆ 14 ಬಂದದ್ದು ಯಾಕೆ ಅಂತ ಮರುದಿನ ಅವರ ಕೈಲೇ ಮತ್ತೆ ಮಾಡಿಸಿ ನೋಡಿದೆ. ನೀರು ಹಾಕಿದ ಹುಡುಗ ನಿಂತುಕೊಂಡೇ, ಮೇಲಿನಿಂದ ನೋಡಿ 61 ಅಂದ. ಗೆರೆಗಳು ಜಾಡಿಯ ಮುಂಭಾಗದಲ್ಲಿದ್ದರೆ ಮೇಲಿನಿಂದ ನೋಡುವ ಕಣ್ಣಿಗೆ ಲೆಕ್ಕ ಜಾಸ್ತಿ ಬರುತ್ತದೆ, ಕೆಳಗಿನಿಂದ ನೋಡಿದರೆ ಕಡಿಮೆ. ಅಲ್ಲಿ ನಿಜಕ್ಕೂ ಇದ್ದದ್ದು 60. ಕಲ್ಲು ಹಾಕಿದ ಮೇಲೆ ಇನ್ನೊಬ್ಬಳು ಬಗ್ಗಿ, ಕಣ್ಣನ್ನು ಮಟ್ಟಕ್ಕೆ ತಂದು ಸರಿಯಾಗಿ 75 ಅಂತ ಓದಿದಳು. 75ರಲ್ಲಿ 61 ಕಳೆದರೆ 14. ಇಬ್ಬರೂ ನಿಂತೇ ನೋಡಿದ್ದರೆ ತಪ್ಪು ಬಹುಪಾಲು ಒಂದಕ್ಕೊಂದು ವಜಾ ಆಗುತ್ತಿತ್ತು. ಅದಕ್ಕೇ ಹೇಳುವುದು, ಎರಡು ಸಲವೂ ಒಬ್ಬರೇ ಓದಲಿ, ಬಗ್ಗಿಯೇ ಓದಲಿ.

ದ್ರವ ಅಳೆದು ಬಿಡುವ ಗಾಜಿನ ಕೊಳವೆಗಳಾದ ಬ್ಯೂರೆಟ್, ಪಿಪೆಟ್ ಪಿಯುಸಿ ಲ್ಯಾಬಿನವರ ಸಾಧನ. ಬ್ಯೂರೆಟ್‌ನಲ್ಲಿ ಸೊನ್ನೆ ಮೇಲಿರುತ್ತದೆ, ಲೆಕ್ಕ ಕೆಳಗಿಳಿಯುತ್ತದೆ ಅನ್ನುವುದು ನೆನಪಿದ್ದರೆ ಸಾಕು. ಮನೆಗೆ ಬೇಡ.

ಮನೆಗೆ ಬೇಕಾದದ್ದು ಸೂಜಿ ಇಲ್ಲದ ಸಿರಿಂಜ್. ಮಗುವಿನ ಸಿರಪ್‌ಗೆ ದಯವಿಟ್ಟು ಊಟದ ಚಮಚ ಬಳಸಬೇಡಿ. ವೈದ್ಯರು ಒಂದು ಚಮಚ ಅಂದರೆ 5 ಎಂಎಲ್ ಅಂತ ಅರ್ಥ. ನಮ್ಮ ಮನೆಗಳ ಚಮಚಗಳು ಒಂದೊಂದು ಒಂದೊಂದು ಅಳತೆ. ನಮ್ಮ ಮನೆಯ ಮೂರು ಚಮಚಗಳನ್ನು ಸಿರಿಂಜಿನಲ್ಲಿ ನೀರು ಎಳೆದು ಅಳೆದೆ, ಮೂರೂ ಬೇರೆ ಬೇರೆ. ದೊಡ್ಡವರಿಗೆ ಅದು ಹೆಚ್ಚೇನಲ್ಲ ಅನ್ನಿಸಬಹುದು. ಎಂಟು ಕಿಲೋ ಕೂಸಿಗೆ ಹಾಗಲ್ಲ. ಬಾಟಲಿಯ ಜೊತೆ ಬರುವ ಪುಟ್ಟ ಅಳತೆ ಕಪ್ಪು ನಡೆಯುತ್ತದೆ, ಆದರೆ 2 ಅಥವಾ 3 ಎಂಎಲ್‌ನಂಥ ಸಣ್ಣ ಪ್ರಮಾಣಕ್ಕೆ ಸಿರಿಂಜೇ ಸರಿ. ಒಳಗಿನ ರಬ್ಬರಿನ ಮುಂದಿನ ಅಂಚು, ಅಂದರೆ ಮೂತಿಯ ಕಡೆಯ ಅಂಚು, ಎಲ್ಲಿದೆಯೋ ಅದನ್ನು ಓದಿ. ಗುಳ್ಳೆ ಇದ್ದರೆ ಮೂತಿ ಮೇಲೆ ಮಾಡಿ, ಬೆರಳಿನಿಂದ ತಟ್ಟಿ ಹೊರಗೆ ಹಾಕಿ.

ಹೊಲದಲ್ಲೂ ಇದೇ ಸಮಸ್ಯೆ. ಲೀಟರಿಗೆ 2 ಎಂಎಲ್ ಅಂತ ಔಷಧಿ ಡಬ್ಬಿಯ ಮೇಲಿದ್ದರೆ 16 ಲೀಟರ್ ಸ್ಪ್ರೇಯರಿಗೆ 32 ಎಂಎಲ್ ಬೇಕು. ಬಾಟಲಿಯ ಮುಚ್ಚಳವೇ 10 ಎಂಎಲ್ ಅಂದುಕೊಂಡು ಮೂರು ಮುಚ್ಚಳ ಸುರಿಯುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಆ ಮುಚ್ಚಳ 14 ಎಂಎಲ್ ಹಿಡಿಯುವಂಥದ್ದಾದರೆ? 42 ಎಂಎಲ್ ಹೋಯಿತು. ದುಡ್ಡೂ ದಂಡ, ಬೆಳೆಗೂ ಕೆಟ್ಟದ್ದು, ಹೊಡೆಯುವವರ ಮೈಗೂ ಕೆಟ್ಟದ್ದು. ಒಂದು ಪ್ಲಾಸ್ಟಿಕ್ ಅಳತೆ ಜಾಡಿ ಇಟ್ಟುಕೊಳ್ಳಿ. ಅದರ ಮೇಲೆ ದಪ್ಪಕ್ಷರದಲ್ಲಿ "ಔಷಧಿ" ಅಂತ ಬರೆದು ಪಂಪಿನ ಮನೆಯಲ್ಲೇ ಇಡಿ. ಅದು ಯಾವತ್ತೂ ಅಡುಗೆಮನೆಯ ಹೊಸ್ತಿಲು ದಾಟಬಾರದು.

ಇನ್ನು ಹಾಲು. ನಮ್ಮ ಮಾವನವರು ಡೈರಿಗೆ ಹಾಲು ಹಾಕುತ್ತಿದ್ದ ಮೊದಲ ದಿನಗಳಲ್ಲಿ ಲೀಟರಿನ ಅಳತೆ ಪಾತ್ರೆ ಇತ್ತು. ಆಗ ತಾನೇ ಕರೆದ ಹಾಲಿನ ಮೇಲೆ ನೊರೆ ಇರುತ್ತದೆ. ನೊರೆ ಸೇರಿಸಿ ಅಳೆಯಬೇಕೋ, ನೊರೆ ಇಳಿಯುವ ತನಕ ಕಾಯಬೇಕೋ ಅಂತ ದಿನಾ ಮಾತು. ತಕ್ಕಡಿ ಬಂದ ಮೇಲೆ ಆ ಮಾತು ನಿಂತಿತು. ನೊರೆ ಎಷ್ಟೇ ಉಬ್ಬಲಿ, ಅದರೊಳಗಿನ ಗಾಳಿಗೆ ಹೇಳಿಕೊಳ್ಳುವಂಥ ತೂಕ ಇಲ್ಲವಲ್ಲ. ಆದರೆ ಒಂದು ವಿಷಯ ತಿಳಿದಿರಲಿ. ಹಾಲು ನೀರಿಗಿಂತ ಸ್ವಲ್ಪ ಭಾರ. 1 ಲೀಟರ್ ಹಸುವಿನ ಹಾಲು ಸುಮಾರು 1.03 ಕೆಜಿ. 10 ಲೀಟರ್ ಅಂದರೆ 10 ಕೆಜಿ 300 ಗ್ರಾಂ. ಹಾಗಾಗಿ ತಕ್ಕಡಿ ತೋರಿಸುವ ಅಂಕಿ ಕೆಜಿಯೋ ಲೀಟರೋ, ದರ ಯಾವುದರ ಮೇಲೆ ಅಂತ ಒಂದು ಸಲ ಕೇಳಿ ತಿಳಿದುಕೊಳ್ಳಿ. ನೂರಕ್ಕೆ 3 ಅಂದರೆ ತಿಂಗಳಿಗೆ ಒಂದು ದಿನದ ಹಾಲು.

ಎಣ್ಣೆ, ಜೇನುತುಪ್ಪ, ಜೋನಿಬೆಲ್ಲ ಇವನ್ನೂ ತೂಗುವುದೇ ವಾಸಿ. ಜಾಡಿಗೆ ಹಾಕಿದರೆ ಅರ್ಧ ಗೋಡೆಗೇ ಅಂಟಿರುತ್ತದೆ. ಜೇನು 1 ಎಂಎಲ್‌ಗೆ ಸುಮಾರು 1.4 ಗ್ರಾಂ. ಅಡುಗೆ ಎಣ್ಣೆಯ ಲೆಕ್ಕ ಪ್ಯಾಕೆಟ್ಟಿನ ಮೇಲೇ ಸಿಗುತ್ತದೆ. ಲೀಟರಿನ ಪಕ್ಕ ಗ್ರಾಂ ಕೂಡ ಬರೆದಿರುತ್ತಾರೆ, 1 ಲೀಟರಿಗೆ 910 ಗ್ರಾಂ ಆಸುಪಾಸು. ತೂಗಿ, 0.91ರಿಂದ ಭಾಗಿಸಿ, ಎಂಎಲ್ ಬಂತು.

ಅಜ್ಜಿಯ ಪಾವು ಅಟ್ಟದ ಮೇಲಿದೆಯಾ? ಅದರ ಅಳತೆಯನ್ನೂ ತಕ್ಕಡಿ ಹೇಳುತ್ತದೆ. ನಾಲ್ಕು ಪಾವು ಒಂದು ಸೇರು, ಆದರೆ ಸೇರು ಸೀಮೆಯಿಂದ ಸೀಮೆಗೆ ಬೇರೆ ಇತ್ತು. 1956ರ ಕಾಯ್ದೆ ಬಂದು, 1958ರಿಂದ ಹಂತ ಹಂತವಾಗಿ ಮೆಟ್ರಿಕ್ ಅಳತೆ ಜಾರಿಯಾದ ಮೇಲೆ ಸರ್ಕಾರಿ ಲೆಕ್ಕದಿಂದ ಸೇರು ಹೋಯಿತು. ಕಡ್ಲೆಪುರಿ ಕೊಳ್ಳುವಾಗ ಮಾತ್ರ ಈಗಲೂ ಬಾಯಲ್ಲಿ ಸೇರೇ ಬರುತ್ತದೆ. ಖಾಲಿ ಪಾವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನ ಮಟ್ಟಕ್ಕೆ ನೀರು ತುಂಬಿ. ಎಷ್ಟು ಗ್ರಾಂ ಬಂತೋ ಅಷ್ಟೇ ಎಂಎಲ್. ನಮ್ಮ ಮೈಸೂರು, ಮಂಡ್ಯದ ಹವೆಯಲ್ಲಿ, 27 ಡಿಗ್ರಿಯ ನೀರು 1 ಎಂಎಲ್‌ಗೆ 0.9965 ಗ್ರಾಂ. ಅಡುಗೆಗೆ ಅದು ಒಂದೇ ಅಂದುಕೊಳ್ಳಿ. ಲ್ಯಾಬಿನವರಿಗೆ ಉಷ್ಣಾಂಶದ ಲೆಕ್ಕವೂ ಬೇಕಾಗುತ್ತದೆ. ಅದಕ್ಕೇ ಒಳ್ಳೆಯ ಗಾಜಿನ ಸಾಮಾನಿನ ಮೇಲೆ 20 ಅಥವಾ 27 ಡಿಗ್ರಿ ಅಂತ ಬರೆದಿರುತ್ತದೆ.

ಮುಳುಗುವ ವಸ್ತುಗಳಿಗೆ

ಈಗ ಕಲ್ಲಿಗೆ ಬರೋಣ. ಒಂದು ಲೋಟದಲ್ಲಿ ಮುಕ್ಕಾಲು ನೀರು ತೆಗೆದುಕೊಂಡು ತಕ್ಕಡಿಯ ಮೇಲಿಟ್ಟೆ. ಸೊನ್ನೆ ಮಾಡಿದೆ. ಕಲ್ಲಿಗೆ ಹೊಲಿಗೆ ದಾರ ಕಟ್ಟಿ ನೀರಿನೊಳಗೆ ಇಳಿಬಿಟ್ಟೆ. ಕಲ್ಲು ಪೂರ್ತಿ ಮುಳುಗಿರಬೇಕು, ತಳಕ್ಕೂ ಗೋಡೆಗೂ ತಾಕಬಾರದು. ಕೈ ಅಲ್ಲಾಡದಂತೆ ಮೊಣಕೈಯನ್ನು ಕಟ್ಟೆಯ ಮೇಲೆ ಊರಿದೆ. ತಕ್ಕಡಿ 15 ಗ್ರಾಂ ತೋರಿಸಿತು. ಅಂದರೆ ಕಲ್ಲಿನ ಗಾತ್ರ 15 ಎಂಎಲ್. ಆಮೇಲೆ ದಾರ ಸಡಿಲ ಬಿಟ್ಟು ಕಲ್ಲನ್ನು ತಳಕ್ಕೆ ಕೂರಿಸಿದೆ. ಅಂಕಿ 40ಕ್ಕೆ ಹಾರಿತು. ಅದು ಕಲ್ಲಿನ ಪೂರ್ತಿ ತೂಕ. 40ನ್ನು 15ರಿಂದ ಭಾಗಿಸಿದರೆ 2.67. ನಮ್ಮ ಕಗ್ಗಲ್ಲಿನ ಸಾಂದ್ರತೆ, ಅಂದರೆ 1 ಎಂಎಲ್‌ಗೆ ಎಷ್ಟು ಗ್ರಾಂ ಅನ್ನುವುದು, ಸುಮಾರು 2.7 ಇರುವುದರಿಂದ ಲೆಕ್ಕ ಸರಿ ಬಂತು ಅಂತ ಧೈರ್ಯವಾಯಿತು.

ಇದು ಯಾಕೆ ಹೀಗೆ? ನೀರು ಕಲ್ಲನ್ನು ಮೇಲಕ್ಕೆ ಒತ್ತುತ್ತದೆ. ಎಷ್ಟು ಒತ್ತುತ್ತದೆ ಅಂದರೆ, ಕಲ್ಲು ಎಷ್ಟು ನೀರಿನ ಜಾಗ ಹಿಡಿದಿದೆಯೋ ಅಷ್ಟು ನೀರಿನ ತೂಕದಷ್ಟು. ನೀರು ಕಲ್ಲನ್ನು ಮೇಲಕ್ಕೆ ಒತ್ತಿದರೆ ಕಲ್ಲು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ಒತ್ತಲೇಬೇಕು. ತಕ್ಕಡಿಗೆ ಕಾಣುವುದು ಆ ಒತ್ತಡ. ಕಲ್ಲಿನ ಉಳಿದ ಭಾರ ದಾರದ ಮೇಲಿದೆ, ಅಂದರೆ ನಿಮ್ಮ ಕೈಯಲ್ಲಿದೆ.

ಈ ವಿಧಾನದಲ್ಲಿ ತಗ್ಗು, ಉಬ್ಬು, ಕಣ್ಣಿನ ಮಟ್ಟ ಯಾವುದರ ಗೋಜೂ ಇಲ್ಲ. ಪಾತ್ರೆ ಅಗಲವಾಗಿದ್ದರೂ ಪರವಾಗಿಲ್ಲ. ಗುಳ್ಳೆಗಳದ್ದು ಮಾತ್ರ ಕಾಟ. ವಸ್ತುವಿಗೆ ಅಂಟಿದ ಗುಳ್ಳೆಯೂ ಗಾತ್ರದ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೊದಲೇ ವಸ್ತುವನ್ನು ಒದ್ದೆ ಮಾಡಿ ಉಜ್ಜಿ, ಅಥವಾ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ.

ಸಣ್ಣ ವಸ್ತುವಾದಷ್ಟೂ ತಕ್ಕಡಿಯ ಮೇಲುಗೈ ಜಾಸ್ತಿ. 8 ಗ್ರಾಂನ 22 ಕ್ಯಾರೆಟ್ ಉಂಗುರ ತೆಗೆದುಕೊಳ್ಳಿ. ಅದರ ಗಾತ್ರ ಸುಮಾರು 0.45 ಎಂಎಲ್. ಜಾಡಿಗೆ ಹಾಕಿದರೆ ನೀರು ಏರಿತೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಅದೇ ತೂಕದ ಹಿತ್ತಾಳೆ ಉಂಗುರ ಸುಮಾರು 0.94 ಎಂಎಲ್, ಹೆಚ್ಚುಕಡಿಮೆ ಎರಡರಷ್ಟು. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕಲ್ಲು ಕೂರಿಸಿದ ಉಂಗುರಕ್ಕೆ, ಒಳಗೆ ಟೊಳ್ಳಿರುವ ಬಳೆಗೆ ಈ ಲೆಕ್ಕ ಹಿಡಿಯುವುದಿಲ್ಲ. ಟಂಗ್‌ಸ್ಟನ್ ಅನ್ನುವ ಲೋಹದ ಸಾಂದ್ರತೆ ಅಪ್ಪಟ ಚಿನ್ನದ್ದರಷ್ಟೇ, 19.3. ಹಾಗಾಗಿ ಚಿನ್ನ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡಲು ಇದೊಂದೇ ಸಾಲದು.

ರಾಜನ ಕಿರೀಟ, ತೊಟ್ಟಿಯಿಂದ ತುಳುಕಿದ ನೀರು, ಆರ್ಕಿಮಿಡೀಸ್ ಓಡಿದ್ದು, ಈ ಕತೆ ಎಲ್ಲರಿಗೂ ಗೊತ್ತು. ತುಳುಕಿದ ನೀರು ಅಳೆದು ಚಿನ್ನದ ಕಲಬೆರಕೆ ಹಿಡಿಯುವುದು ತೀರಾ ಒರಟು ಕೆಲಸ ಅಂತ 1586ರಲ್ಲಿ, 22ರ ವಯಸ್ಸಿನಲ್ಲಿ, ಗೆಲಿಲಿಯೋ ಬರೆದ. ಆರ್ಕಿಮಿಡೀಸ್ ನೀರಿನೊಳಗೆ ತೂಗಿಯೇ ಕಂಡುಹಿಡಿದಿರಬೇಕು ಅಂತ ಹೇಳಿ, ಅದಕ್ಕೆ ತಕ್ಕ ತಕ್ಕಡಿಯನ್ನೂ ವಿವರಿಸಿದ. ತುಳುಕಿಸಿ ಅಳೆಯುವ ಮೂತಿ ಜಾಡಿ ನಮ್ಮ ಲ್ಯಾಬಿನಲ್ಲೂ ಇದೆ. ಮೂತಿಯ ತುದಿಯಲ್ಲಿ ಕೊನೆಯ ತೊಟ್ಟು ಬೀಳದೆ ನೇತಾಡುತ್ತಾ ನಿಲ್ಲುತ್ತದಲ್ಲ, ಅದನ್ನು ನೋಡುವಾಗೆಲ್ಲ ಗೆಲಿಲಿಯೋ ಮಾತು ನೆನಪಾಗುತ್ತದೆ.

ಹಾಗಂತ ತಕ್ಕಡಿ ಎಲ್ಲಕ್ಕೂ ಆಗುವುದಿಲ್ಲ. ರುಬ್ಬುವ ಗುಂಡನ್ನು ದಾರ ಕಟ್ಟಿ ನೇತುಹಾಕುವುದು ಯಾರ ಕೈಲಾಗುತ್ತದೆ? ಅಂಥದ್ದಕ್ಕೆ ಗುರುತಿನ ವಿಧಾನ. ಗುಂಡನ್ನು ಬಕೆಟ್ಟಿನಲ್ಲಿಟ್ಟು ಅದು ಮುಳುಗುವಷ್ಟು ನೀರು ಹಾಕಿ, ಮಟ್ಟಕ್ಕೆ ಒಂದು ಗೀರು ಹಾಕಿ. ಗುಂಡು ಎತ್ತಿ, ಅದರ ನೀರು ಬಕೆಟ್ಟಿಗೇ ಸೋರಲು ಬಿಡಿ. ಆಮೇಲೆ ಲೀಟರ್ ಅಳತೆಯಲ್ಲಿ ಗೀರಿನ ತನಕ ಮತ್ತೆ ತುಂಬಿ. ಎಷ್ಟು ಹಿಡಿಯಿತೋ ಅದೇ ಗುಂಡಿನ ಗಾತ್ರ. ಇಲ್ಲಿ ಪಾತ್ರೆಯ ಬಾಯಿ ಮುಖ್ಯ. 30 ಸೆಂಟಿಮೀಟರ್ ಅಗಲದ ಬಕೆಟ್ಟಿನಲ್ಲಿ ಮಟ್ಟ 1 ಮಿಲಿಮೀಟರ್ ತಪ್ಪಿದರೆ 70 ಎಂಎಲ್ ತಪ್ಪುತ್ತದೆ. 10 ಸೆಂಟಿಮೀಟರ್ ಬಾಯಿಯ ಬಿಂದಿಗೆಯಲ್ಲಿ ಕತ್ತಿನ ತನಕ ತುಂಬಿ ನೋಡಿದರೆ ಅದೇ ತಪ್ಪು 8 ಎಂಎಲ್ ಅಷ್ಟೇ. ಗುಂಡು ಬಿಂದಿಗೆಯ ಬಾಯಲ್ಲಿ ಹೋಗುವುದಿಲ್ಲ, ನಿಜ. ಹೋಗುವಂಥ ವಸ್ತುವಾದರೆ ಬಿಂದಿಗೆಯನ್ನೇ ಆರಿಸಿ.

ತೇಲುವುದು, ಹೀರುವುದು, ಕರಗುವುದು

ಈರನಗೆರೆ ಬದನೆಕಾಯಿ ನೀರಿಗೆ ಹಾಕಿದರೆ ತೇಲುತ್ತದೆ. ಜಾಡಿ ವಿಧಾನದಲ್ಲಾದರೆ ಅದಕ್ಕೊಂದು ಕಲ್ಲು ಕಟ್ಟಿ ಮುಳುಗಿಸಿ, ಆಮೇಲೆ ಕಲ್ಲಿನ ಗಾತ್ರ ಕಳೆಯಬೇಕು. ತಕ್ಕಡಿಯಲ್ಲಿ ಅಷ್ಟು ಕೆಲಸ ಇಲ್ಲ. ಹೆಣಿಗೆ ಕಡ್ಡಿಯಂಥ ಸಣ್ಣ ಕಡ್ಡಿಯ ತುದಿಯಿಂದ ಬದನೆಯನ್ನು ಪೂರ್ತಿ ಮುಳುಗುವ ತನಕ ಮೆಲ್ಲಗೆ ಒತ್ತಿ ಹಿಡಿಯಿರಿ. ಅಂಕಿ ನಿಂತ ಜಾಗವೇ ಗಾತ್ರ. ನಾನು ನೋಡಿದ ಕಾಯಿ 112 ಗ್ರಾಂ ತೂಗಿತು, ಗಾತ್ರ 178 ಎಂಎಲ್ ಬಂತು. ಒಳಗೆ ಎಷ್ಟು ಗಾಳಿ ಇದೆ ನೋಡಿ.

ಇಟ್ಟಿಗೆ ನೀರು ಕುಡಿಯುತ್ತದೆ. ಒಣ ಇಟ್ಟಿಗೆ ಮುಳುಗಿಸಿದರೆ ಅಂಕಿ ಒಂದು ಕಡೆ ನಿಲ್ಲುವುದೇ ಇಲ್ಲ. ಗಾರೆ ಕೆಲಸದವರು ಮಾಡುವ ಹಾಗೆ ಮೊದಲೇ ನೆನೆಹಾಕಿ. ಗುಳ್ಳೆ ಬರುವುದು ಪೂರ್ತಿ ನಿಂತ ಮೇಲೆ ಮೇಲ್ಮೈ ಒರೆಸಿ ಅಳೆಯಿರಿ.

ಕರಗುವುದರಲ್ಲಿ ನಮ್ಮ ಮಂಡ್ಯದ ಬೆಲ್ಲವೇ ಮೊದಲು. ನೀರಿಗಿಟ್ಟರೆ ಅಳೆಯುವಷ್ಟರಲ್ಲೇ ಅಂಚು ಕರಗಿ ನೀರು ಕೆಂಪಾಗಿರುತ್ತದೆ. ಇದಕ್ಕೆ ಎರಡು ದಾರಿ. ಒಂದು, ನೀರಿನ ಬದಲು ಅಡುಗೆ ಎಣ್ಣೆ. ಬೆಲ್ಲ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯ ಪಾತ್ರೆ ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, ಬೆಲ್ಲದ ಅಚ್ಚನ್ನು ದಾರದಲ್ಲಿ ಇಳಿಬಿಟ್ಟೆ. 118 ಗ್ರಾಂ ಬಂತು. ಇದು ಎಣ್ಣೆಯ ತೂಕವಾದ್ದರಿಂದ 0.91ರಿಂದ ಭಾಗಿಸಬೇಕು. ಸುಮಾರು 130 ಎಂಎಲ್.

ಇನ್ನೊಂದು ದಾರಿ ಸಾಸಿವೆ. ಒಂದು ಡಬ್ಬಕ್ಕೆ ಸಾಸಿವೆ ತುಂಬಿ, ಸ್ಕೇಲಿನಿಂದ ಮಟ್ಟಸ ಮಾಡಿ, ಅದನ್ನು ಒಂದು ತಟ್ಟೆಗೆ ಸುರಿದುಕೊಳ್ಳಿ. ಡಬ್ಬದ ತಳಕ್ಕೆ ಸ್ವಲ್ಪ ಸಾಸಿವೆ ಹಾಕಿ, ಬೆಲ್ಲ ಇಟ್ಟು, ಉಳಿದದ್ದನ್ನು ಮೇಲೆ ಸುರಿದು ಮತ್ತೆ ಮಟ್ಟಸ ಮಾಡಿ. ತಟ್ಟೆಯಲ್ಲಿ ಮಿಕ್ಕ ಸಾಸಿವೆಯನ್ನು ಅಳತೆ ಜಾಡಿಯಲ್ಲಿ ಅಳೆದರೆ ಅದೇ ಬೆಲ್ಲದ ಗಾತ್ರ. ಡಬ್ಬ ತಟ್ಟಬಾರದು, ಕುಲುಕಬಾರದು, ಪ್ರತಿ ಸಲ ಒಂದೇ ಎತ್ತರದಿಂದ ಸುರಿಯಬೇಕು. ತಟ್ಟಿದರೆ ಕಾಳು ಒತ್ತೊತ್ತಾಗಿ ಕೂತು ಲೆಕ್ಕ ಕೆಡುತ್ತದೆ. ಕಡ್ಲೆಪುರಿಯವರು ಸೇರನ್ನು ಹೇಗೆ ತುಂಬುತ್ತಾರೆ ಅಂತ ಗಮನಿಸಿದವರಿಗೆ ಇದು ಗೊತ್ತೇ ಇರುತ್ತದೆ. ರಾಗಿಯಲ್ಲೂ ಮಾಡಬಹುದು. ಸಾಸಿವೆ ಹೆಚ್ಚು ದುಂಡಗಿದೆ, ಚೆನ್ನಾಗಿ ಉರುಳುತ್ತದೆ.

ಬೆಲ್ಲಕ್ಕೆ ಎಣ್ಣೆಯೇ ನನ್ನ ಆಯ್ಕೆ, ಲೆಕ್ಕ ಹೆಚ್ಚು ನಿಖರ. ಬ್ರೆಡ್ಡು, ಬನ್ನಿಗೆ ಮಾತ್ರ ಸಾಸಿವೆ ಬಿಟ್ಟರೆ ಬೇರೆ ಇಲ್ಲ, ಎಣ್ಣೆಯನ್ನೂ ಅವು ಕುಡಿದುಬಿಡುತ್ತವೆ. ಬ್ರೆಡ್ ಎಷ್ಟು ಉಬ್ಬಿದೆ ಅಂತ ಪರೀಕ್ಷಿಸುವ ಆಹಾರ ಪ್ರಯೋಗಾಲಯಗಳಲ್ಲೂ ಸಾಸಿವೆ ಜಾತಿಯ ಕಾಳನ್ನೇ ಬಳಸುತ್ತಾ ಬಂದಿದ್ದಾರೆ.

ಪಾತ್ರೆಯೇ ಅಂಕುಡೊಂಕಾದರೆ

ಕೊನೆಯದಾಗಿ, ಎತ್ತಲೂ ಆಗದ, ಮುಳುಗಿಸಲೂ ಆಗದ ಪಾತ್ರೆಗಳು. ಸಂಪು, ಬಚ್ಚಲಿನ ಹಂಡೆ. ನಮ್ಮ ಕನ್ನಂಬಾಡಿ ಕಟ್ಟೆಯೂ ಅಂಥದ್ದೇ ಒಂದು ಅಂಕುಡೊಂಕು ಪಾತ್ರೆ ಅಲ್ವಾ? ಮಳೆಗಾಲದಲ್ಲಿ ನಾವೆಲ್ಲ ಪೇಪರಿನಲ್ಲಿ ನೋಡುವುದು ಅಡಿಯ ಲೆಕ್ಕ. ತುಂಬಿದರೆ 124.80 ಅಡಿ, ಆಗ ನೀರು 49.452 ಟಿಎಂಸಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ನೀರನ್ನು ಯಾರೂ ಅಳತೆ ಪಾತ್ರೆಯಲ್ಲಿ ಅಳೆದು ಹಾಕಿಲ್ಲ. ಜಲಾಶಯದ ತಗ್ಗು ದಿಣ್ಣೆಗಳನ್ನು ಸರ್ವೆ ಮಾಡಿ, ಇಷ್ಟು ಅಡಿಗೆ ಇಷ್ಟು ನೀರು ಅಂತ ಪಟ್ಟಿ ಮಾಡಿಕೊಂಡಿರುತ್ತಾರೆ. ಮಟ್ಟ ನೋಡಿ, ಪಟ್ಟಿ ನೋಡಿ, ನೀರು ಹೇಳುತ್ತಾರೆ. ಮೇಲಿನ ಒಂದು ಅಡಿಯಲ್ಲಿ ಒಂದು ಟಿಎಂಸಿಗಿಂತ ಜಾಸ್ತಿ ನೀರಿರುತ್ತದೆ, ತಳದ ಕಡೆಯ ಒಂದು ಅಡಿಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಅದಕ್ಕೇ ಕಟ್ಟೆ ಅರ್ಧ ಎತ್ತರಕ್ಕೆ ತುಂಬಿತು ಅಂದರೆ ಅರ್ಧ ನೀರು ಬಂತು ಅಂತಲ್ಲ.

ಮನೆಯ ಹಂಡೆಗೂ ಇಂಥ ಪಟ್ಟಿಯನ್ನು ನೀವೇ ಮಾಡಿಕೊಳ್ಳಬಹುದು. ಒಂದು ನೇರವಾದ ಬಿದಿರು ಕಡ್ಡಿ ತೆಗೆದುಕೊಳ್ಳಿ. ಹಂಡೆಗೆ ಅಳೆದು 2 ಲೀಟರ್ ನೀರು ಹಾಕಿ, ಕಡ್ಡಿಯನ್ನು ತಳಕ್ಕೆ ತಾಕುವಂತೆ ನೆಟ್ಟಗೆ ಇಳಿಸಿ, ಒದ್ದೆಯಾದ ಜಾಗಕ್ಕೆ ಚಾಕುವಿನಿಂದ ಗೀರು ಹಾಕಿ. ಮತ್ತೆ 2 ಲೀಟರ್, ಮತ್ತೊಂದು ಗೀರು. ಹಂಡೆಯ ಹೊಟ್ಟೆ ಅಗಲವಾಗಿರುವ ಕಡೆ ಗೀರುಗಳು ಹತ್ತಿರ ಹತ್ತಿರ ಬೀಳುತ್ತವೆ, ಕತ್ತಿನ ಹತ್ತಿರ ದೂರ ದೂರ. ಆ ಕಡ್ಡಿಯನ್ನು ಹಂಡೆಯ ಪಕ್ಕದಲ್ಲೇ ಮೊಳೆಗೆ ನೇತುಹಾಕಿಡಿ.